ದಿವಾಳಿಯಾದವನ ಆಸ್ತಿ, ರಿಸೀವರರ ಸಂಭಾವನೆ

ಹಾಡುಹಗಲಿನಲ್ಲಿ ಅಂಗಡಿಯ ಮುಂದೆ ದೀಪ ಹಚ್ಚಿಟ್ಟರೆ ಆ ವರ್ತಕ ಕೈಚೆಲ್ಲಿದನೆಂದು ಹಿಂದಿನ ಕಾಲದಲ್ಲಿ ಊರು ತಿಳಿಯುತ್ತಿತ್ತಂತೆ. ದಿವಾಳಿ ಎಂಬ ಮಾತಿಗೆ ಹೀಗೊಂದು ವಿವರಣೆಯನ್ನು ಕೊಡುವುದುಂಟು. ನಮ್ಮ ತಿಪಟೂರು ಸೀಮೆಯ ಹಿರಿಯರು ಅಷ್ಟು ದೂರ ಹೋಗದೆ ‘ಪಾಪರ್ ಎದ್ದ’ ಎಂದುಬಿಡುತ್ತಿದ್ದರು. ಎದ್ದಮೇಲೆ ಅವನ ಗತಿಯೇನೆಂದು ಮಾತ್ರ ವಿಚಾರಿಸುವವರು ಕಡಿಮೆ. ನಾನು ಕನ್ನಡ ಪಾಠ ಹೇಳಿದವನೇ ಹೊರತು ವಕೀಲನಲ್ಲ. ಆದರೂ ಕಾಯಿದೆಯನ್ನು ಓದಿ ತಿಳಿದುಕೊಂಡಷ್ಟನ್ನು ಹೇಳುತ್ತೇನೆ.

2016ರಲ್ಲಿ ಹೊಸ ದಿವಾಳಿ ಸಂಹಿತೆ ಬಂದಿತು. ಆದರೆ ವ್ಯಕ್ತಿಗಳಿಗೆ ಸಂಬಂಧಿಸಿದ ಅದರ ಭಾಗ 2019ರ ಡಿಸೆಂಬರಿನಲ್ಲಿ ಜಾರಿಯಾದದ್ದು ಕಂಪನಿಯ ಸಾಲಕ್ಕೆ ಜಾಮೀನು ನಿಂತವರ ಮಟ್ಟಿಗೆ. ಹಳ್ಳಿಯ ಸಾಮಾನ್ಯ ಸಾಲಗಾರನಿಗೆ 1920ರ ಪ್ರಾಂತೀಯ ದಿವಾಳಿ ಕಾಯಿದೆಯೇ ಗತಿ. ದಿವಾಳಿಯೆಂದು ನ್ಯಾಯಾಲಯ ಸಾರಿದೊಡನೆ ಅವನ ಆಸ್ತಿ ನ್ಯಾಯಾಲಯದ ಅಥವಾ ಅದು ನೇಮಿಸಿದ ರಿಸೀವರರ ವಶಕ್ಕೆ ಹೋಗುತ್ತದೆ. ರಿಸೀವರರ ಸಂಭಾವನೆಯನ್ನು ಗೊತ್ತುಮಾಡುವುದು ನ್ಯಾಯಾಲಯ. ಅದು ಸಲ್ಲುವುದು ಅದೇ ಆಸ್ತಿಯಿಂದ. ಸಾಲ ಕೊಟ್ಟವರ ಪಾಲೂ ಅದೇ ರಾಶಿಯಿಂದಲೇ ಬರಬೇಕು. ಎಲ್ಲ ತೀರಿ ಮಿಕ್ಕರೆ, ಮಿಕ್ಕದ್ದು ದಿವಾಳಿಯಾದವನದು. ಆದ್ದರಿಂದ ಸಂಭಾವನೆಯ ಲೆಕ್ಕ ಕೇಳುವುದು ಯಾರಿಗೂ ಉದ್ಧಟತನವಲ್ಲ.

ಬಿಳಿಗೆರೆಯ ಒಬ್ಬ ತೋಟಗಾರನನ್ನು ಊಹಿಸಿಕೊಳ್ಳಿ. ಅಟ್ಟದ ಮೇಲೆ ಕಾಯಿ ತುಂಬಿದೆ. ಒಳಗಿನ ನೀರು ಇಂಗಿ, ಕೊಬ್ಬರಿ ಕರಟವನ್ನು ಬಿಟ್ಟು ಉಂಡೆಯಾಗಿ ಗುಡುಗುಡು ಎನ್ನಬೇಕಾದರೆ ಹತ್ತು ಹನ್ನೊಂದು ತಿಂಗಳು ಬೇಕು. ಆರನೆಯ ತಿಂಗಳಲ್ಲಿಯೇ ರಿಸೀವರು ಅದನ್ನು ಬಂದ ಬೆಲೆಗೆ ಮಾರಿಸಿದರೆ ನಷ್ಟ ಯಾರಿಗೆ? ತೋಟಗಾರನಿಗಷ್ಟೇ ಅಲ್ಲ, ಸಾಲ ಕೊಟ್ಟ ಮಂಡಿಯವನಿಗೂ. ಇನ್ನು ಬೇಸಾಯಗಾರ ತಾನು ವಾಸಿಸುವ ಮನೆ, ಬೇಸಾಯದ ಮುಟ್ಟುಗಳು ಮೊದಲಾದುವನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು ಜಪ್ತಿಯಿಂದ ಬಿಟ್ಟಿದೆ. ದಿವಾಳಿ ಕಾಯಿದೆಯೂ ಆ ವಿನಾಯಿತಿಯನ್ನು ಒಪ್ಪಿಕೊಂಡಿದೆ. ಮನೆಯನ್ನೂ ಪಟ್ಟಿಗೆ ಸೇರಿಸಿದರೆ ಸುಮ್ಮನಿರಬೇಕಾದುದಿಲ್ಲ.

ಆದರೆ ಸುಮ್ಮನಿದ್ದುಬಿಡುತ್ತಾರೆ. ಮಾನ ಹೋಯಿತೆಂಬ ಸಂಕೋಚದಲ್ಲಿ ಬಾಯಿಯೂ ಹೋಯಿತೆಂದು ಭಾವಿಸುತ್ತಾರೆ. ಕಾಯಿದೆ ಹಾಗೆ ಹೇಳಿಲ್ಲ. 68ನೆಯ ಕಲಮಿನ ಪ್ರಕಾರ ರಿಸೀವರರ ಯಾವುದೇ ಕೃತ್ಯದಿಂದ ಅಥವಾ ತೀರ್ಮಾನದಿಂದ ಬಾಧಿತನಾದ ದಿವಾಳಿದಾರನಾಗಲಿ, ಸಾಲ ಕೊಟ್ಟವನಾಗಲಿ, ಬೇರೆ ಯಾರೇ ಆಗಲಿ ನ್ಯಾಯಾಲಯಕ್ಕೆ ಅರ್ಜಿ ಕೊಡಬಹುದು. ನ್ಯಾಯಾಲಯ ಅದನ್ನು ಸ್ಥಿರಪಡಿಸಬಹುದು, ರದ್ದುಮಾಡಬಹುದು, ತಿದ್ದಬಹುದು. ಅವಧಿ 21 ದಿನ! ಅಟ್ಟದ ಕಾಯಿಗಿರುವ ತಾಳ್ಮೆ ಈ ಕಲಮಿಗಿಲ್ಲ. ರಿಸೀವರು ಲೆಕ್ಕ ಒಪ್ಪಿಸದಿದ್ದರೆ, ಅಥವಾ ಬೇಕೆಂದೇ ಮಾಡಿದ ತಪ್ಪಿನಿಂದಲೋ ಘೋರ ಅಲಕ್ಷ್ಯದಿಂದಲೋ ನಷ್ಟವುಂಟುಮಾಡಿದರೆ, 56ನೆಯ ಕಲಮಿನಂತೆ ಅವರ ಸ್ವಂತ ಆಸ್ತಿಯನ್ನೇ ಜಪ್ತಿಮಾಡಿಸಲು ನ್ಯಾಯಾಲಯಕ್ಕೆ ಅಧಿಕಾರವುಂಟು.

ರಿಸೀವರರ ಕೆಲಸ ಸುಲಭದ್ದಲ್ಲ. ಮುಚ್ಚಿಟ್ಟ ಆಸ್ತಿಯನ್ನು ಹುಡುಕಿ ತೆಗೆಯುವವರಿಗೆ ತಕ್ಕ ಪ್ರತಿಫಲ ಸಲ್ಲಲೇಬೇಕು. ಅದಕ್ಕಾಗಿಯೇ ಸಂಭಾವನೆಯ ಪ್ರಶ್ನೆ ಬೇರೆ, ನಡತೆಯ ಪ್ರಶ್ನೆ ಬೇರೆ ಎಂಬುದನ್ನು ಅರಿತಿರಬೇಕು. ಹೊಸ ಸಂಹಿತೆಯಲ್ಲಿಯೂ ಈ ಭೇದ ಉಂಟು. ಕಾವೇರಿ ಟೆಲಿಕಾಂ ಇನ್‌ಫ್ರಾಸ್ಟ್ರಕ್ಚರ್ ಕಂಪನಿಯ ದಿವಾಳಿ ಪ್ರಕ್ರಿಯೆಯಲ್ಲಿ ಆಸ್ತಿಯ ಬೆಲೆ ಕಟ್ಟಿದವರೊಬ್ಬರ ಶುಲ್ಕದ ಜಗಳ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 2021ರ ಮಾರ್ಚ್ 15ರ ತೀರ್ಪಿನಲ್ಲಿ ಆ ನ್ಯಾಯಾಲಯ, ಶುಲ್ಕವನ್ನು ತೀರ್ಮಾನಿಸಬೇಕಾದುದು ಕಂಪನಿ ನ್ಯಾಯಮಂಡಳಿಯೆಂದೂ, ದಿವಾಳಿ ಮಂಡಲಿಗೆ ದೂರು ಕೊಡುವ ಏರ್ಪಾಡಿರುವುದು ತಪ್ಪು ನಡತೆಯನ್ನು ದಂಡಿಸಲೆಂದೂ ಬಿಡಿಸಿ ಹೇಳಿತು.

ನಮ್ಮ ತೋಟಗಾರನ ಅರ್ಜಿಯೂ ಹಾಗೆಯೇ ಬಿಡಿಬಿಡಿಯಾಗಿರಲಿ. ‘ರಿಸೀವರು ಮೋಸಗಾರರು’ ಎಂಬ ಒಂದು ಸಾಲಿನಿಂದ ನ್ಯಾಯಾಧೀಶರಿಗೆ ಏನೂ ತಿಳಿಯದು. ಯಾವ ದಿನ ಎಷ್ಟು ಕಾಯಿ ಮಾರಿದರು, ಆ ದಿನ ತಿಪಟೂರು ಮಾರುಕಟ್ಟೆಯ ಧಾರಣೆ ಎಷ್ಟಿತ್ತು, ಕೂಲಿ ಬಾಡಿಗೆಗೆಂದು ಎಷ್ಟು ಕಳೆದರು, ಅದಕ್ಕೆ ರಸೀತಿ ಇದೆಯೆ ಎಂಬುದನ್ನು ಬರೆದು, ಮೊದಲು ಲೆಕ್ಕದ ನಕಲನ್ನು ಕೇಳಿ ಪಡೆದು, ಅರ್ಜಿಯೊಡನೆ ಲಗತ್ತಿಸಬೇಕು.