ಸಿರಸಂಗಿಯ ದತ್ತಿ, ಇಂದಿನ ಸಂಶೋಧಕ

ಮುರಗೋಡದವರಿಗೆ ಸಿರಸಂಗಿ ದೂರದ ಊರಲ್ಲ. ಅಲ್ಲಿನ ದೇಸಾಯರಾದ ತ್ಯಾಗವೀರ ಲಿಂಗರಾಜರು 1906ರಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ಆಸ್ತಿಯನ್ನು ವೀರಶೈವ ಮಕ್ಕಳ ವಿದ್ಯೆಗೆಂದು ಮೃತ್ಯುಪತ್ರ ಬರೆದಿಟ್ಟರು. ದತ್ತಿ ಒಂದು ಸಮಾಜಕ್ಕೆ ಸೀಮಿತವಾಗಿತ್ತೆಂಬುದು ನಿಜ. ಆದರೂ ಓದುವವರ ಊಟದ ಚಿಂತೆಯನ್ನು ಬೇರೆಯವರು ಹೊರಬೇಕೆಂಬುದನ್ನು ದೇಸಾಯರು ಅರಿತಿದ್ದರು.

ಇಂದು ಕನ್ನಡದಲ್ಲೋ ಇತಿಹಾಸದಲ್ಲೋ ಪಿಎಚ್.ಡಿ. ಮಾಡಹೊರಟವರ ಊಟದ ಚಿಂತೆ ಯಾರದು? ಯುಜಿಸಿಯ ಜೆ.ಆರ್.ಎಫ್. ಗಳಿಸಿದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ನಿಗದಿಯಾಯಿತು. ಎರಡು ವರ್ಷದ ಮೇಲೆ 42,000. ಇದರಲ್ಲಿ ವಿಜ್ಞಾನ, ಮಾನವಿಕ ಎಂಬ ಭೇದವಿಲ್ಲ. ಭೇದ ಬರುವುದು ಸಾದಿಲ್ವಾರು ಖರ್ಚಿನಲ್ಲಿ. ಮೊದಲೆರಡು ವರ್ಷ ವಿಜ್ಞಾನದವರಿಗೆ ವರ್ಷಕ್ಕೆ 12,000, ಮಾನವಿಕದವರಿಗೆ 10,000. ಪುಸ್ತಕ ಓದುವವರಿಗೆ ಖರ್ಚೇನೆಂಬ ಲೆಕ್ಕವಿರಬೇಕು! ಶಾಸನ ಹುಡುಕಿ ಊರೂರು ಅಲೆಯುವವರ, ಹಸ್ತಪ್ರತಿಗಾಗಿ ಮಠದ ಬಾಗಿಲು ಕಾಯುವವರ ಬಸ್ ಚಾರ್ಜು ಆ ಲೆಕ್ಕಕ್ಕೆ ಸಿಕ್ಕಂತಿಲ್ಲ.

ಜೆ.ಆರ್.ಎಫ್. ದಕ್ಕದವರ ಪಾಡು ಬೇರೆ. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಅಂಥವರಿಗೂ ತಿಂಗಳಿಗೆ 8,000 ರೂಪಾಯಿಯ ಏರ್ಪಾಡಿದೆ. 2015ರಲ್ಲಿ ಯುಜಿಸಿ ಅದನ್ನೂ ನಿಲ್ಲಿಸಹೊರಟಾಗ ವಿದ್ಯಾರ್ಥಿಗಳು ದಿಲ್ಲಿಯ ಕಚೇರಿಯ ಮುಂದೆ ಬೀಡುಬಿಟ್ಟು ಉಳಿಸಿಕೊಂಡರು. ಆದರೆ ರಾಜ್ಯದ ವಿಶ್ವವಿದ್ಯಾಲಯಗಳು ಈ ಏರ್ಪಾಡಿನ ಹೊರಗೆ. ಅಂದರೆ 2010ರಲ್ಲಿ ಬೆಳಗಾವಿಗೆ ಬಂದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವೂ ಹೊರಗೆ. ಮುರಗೋಡದ ಮಕ್ಕಳು ಹೆಚ್ಚಾಗಿ ಸೇರುವುದು ಇಂಥಲ್ಲಿಯೇ. ರಾಜ್ಯ ಸರಕಾರ ಕೆಲವು ವರ್ಗಗಳಿಗೆ ಶಿಷ್ಯವೇತನ ಕೊಡುತ್ತದೆ. ಉಳಿದವರಲ್ಲಿ ಹಲವರು ಹಗಲು ಅತಿಥಿ ಉಪನ್ಯಾಸಕರು, ರಾತ್ರಿ ಸಂಶೋಧಕರು. 2022ರ ನಿಯಮ ಪಿಎಚ್.ಡಿ.ಗೆ ಕನಿಷ್ಠ ಮೂರು ವರ್ಷ ಎನ್ನುತ್ತದೆ, ಗರಿಷ್ಠ ಆರು. ಇವರಿಗೆ ಆರೂ ಸಾಲುವುದಿಲ್ಲ.