ಒಂದೇ ಮದ್ದಿನ ನಿರೀಕ್ಷೆ


“ಚಂದ್ರನ ಮೇಲೆ ಇಳಿದದ್ದೂ ಆಯಿತು, ಕ್ಯಾನ್ಸರಿಗೆ ಮಾತ್ರ ಇನ್ನೂ ಮದ್ದಿಲ್ಲ ನೋಡಿ.” ಬಸ್ಸಿನಲ್ಲೋ ಮದುವೆ ಮನೆಯಲ್ಲೋ ಈ ಮಾತನ್ನು ನೀವೂ ಕೇಳಿರುತ್ತೀರಿ. ಆಡಿದವರ ಸಂಕಟ ನಿಜ. ಮಾತು ಪೂರ್ತಿ ನಿಜವಲ್ಲ.

ರಕ್ತದ ಕ್ಯಾನ್ಸರ್ ಬಂದ ಮಕ್ಕಳು ಹಿಂದೆ ಕೆಲವೇ ವಾರಗಳಲ್ಲೋ ತಿಂಗಳುಗಳಲ್ಲೋ ತೀರಿಹೋಗುತ್ತಿದ್ದರು. 1947ರ ಕೊನೆಯಲ್ಲಿ ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ಅಂಥ ಮಕ್ಕಳಿಗೆ ಅಮಿನೊಪ್ಟೆರಿನ್ ಎಂಬ ಹೊಸ ಔಷಧ ಕೊಟ್ಟು ನೋಡಿದರು. ಅದನ್ನು ತಯಾರಿಸಿದ್ದು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ. ಈ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು, ಹೇಳಿ! ಮರುವರ್ಷ ಫಾರ್ಬರ್ ಬರೆದರು: 16 ಮಕ್ಕಳಲ್ಲಿ 10 ಮಕ್ಕಳು ಚೇತರಿಸಿಕೊಂಡಿದ್ದರು. ಆದರೆ ಆ ಚೇತರಿಕೆ ಉಳಿಯಲಿಲ್ಲ. ಕಾಯಿಲೆ ಮರಳಿ ಬಂತು.

ಅಲ್ಲಿಗೇ ಬಿಟ್ಟಿದ್ದರೆ? ಬಿಡಲಿಲ್ಲ. ಮುಂದೆ ಬಂದವರು ಒಂದರ ಜೊತೆ ಇನ್ನೊಂದು ಔಷಧ ಸೇರಿಸಿದರು. ಪ್ರಮಾಣ ತಿದ್ದಿದರು. ಇಂದು ಒಳ್ಳೆಯ ಚಿಕಿತ್ಸೆ ಸಿಗುವ ದೇಶಗಳಲ್ಲಿ, ಮಕ್ಕಳ ರಕ್ತದ ಕ್ಯಾನ್ಸರಿನ ಅತಿ ಸಾಮಾನ್ಯ ಬಗೆಯಲ್ಲಿ, 100ಕ್ಕೆ ಸುಮಾರು 90 ಮಕ್ಕಳು ಬದುಕಿ ಬೆಳೆಯುತ್ತಾರೆ.

ಕ್ಯಾನ್ಸರ್ ಎಂದು ನಾವು ಕರೆಯುವುದು ನೂರಕ್ಕೂ ಹೆಚ್ಚು ಕಾಯಿಲೆಗಳನ್ನು. ಕೆಲವು ಮಣಿದಿವೆ. ಮೇದೋಜೀರಕ ಗ್ರಂಥಿಯದ್ದು ಇಂದಿಗೂ ಹಟ ಹಿಡಿದು ಕೂತಿದೆ. ಎಲ್ಲಕ್ಕೂ ಒಂದೇ ಮದ್ದು ಒಂದು ದಿನ ಬಂದೀತು ಎಂದು ನನಗಂತೂ ಅನ್ನಿಸುವುದಿಲ್ಲ. ಒಂದೊಂದಕ್ಕೂ ಅದರದೇ ಮದ್ದು, ನಿಧಾನವಾಗಿ, ಬರುತ್ತಲೇ ಇದೆ.

ಮದ್ದು ಬಂದರಷ್ಟೇ ಸಾಲದು, ನಾವೂ ತಡಮಾಡಬಾರದು. ಬೇಗ ಗೊತ್ತಾದ ಕ್ಯಾನ್ಸರ್ ಹೆಚ್ಚಾಗಿ ಚಿಕಿತ್ಸೆಗೆ ಬಗ್ಗುತ್ತದೆ. ಬಾಯಲ್ಲಿ ವಾರಗಟ್ಟಲೆ ಮಾಯದ ಹುಣ್ಣಿದ್ದರೆ, ಸ್ತನದಲ್ಲಿ ಗಂಟು ಕೈಗೆ ಸಿಕ್ಕಿದರೆ, ಹಬ್ಬ ಮುಗಿಯಲಿ ಎನ್ನಬೇಡಿ. ಈ ವಾರವೇ ವೈದ್ಯರಿಗೆ ತೋರಿಸಿ.