ಹಸುಗೂಸಿನ ಎದೆಯಲ್ಲಿ ಹಾಲಿನಂಥ ನೀರು



ನಾನು ಡಾಕ್ಟರಲ್ಲ, ಭಾಷೆ ಕಲಿಸುವ ಮೇಷ್ಟ್ರು. ಆದರೂ ಒಂದು ಅಪರೂಪದ ತೊಂದರೆಯ ಬಗ್ಗೆ ಹೇಳುತ್ತೇನೆ. ಏಕೆಂದರೆ ಇದರಲ್ಲಿ ಏನೂ ತಪ್ಪು ಮಾಡದ ಬಾಣಂತಿ ಮಾತು ಕೇಳಬೇಕಾಗುತ್ತದೆ.

ಎದೆಗೂ ಹೊಟ್ಟೆಗೂ ನಡುವೆ ವಪೆ ಎಂಬ ಪರದೆ ಇದೆಯೆಂದು ಮಕ್ಕಳು ಪಾಠದಲ್ಲಿ ಓದಿದ್ದೀರಿ. ಸುಮಾರು 3,000 ಶಿಶುಗಳಲ್ಲಿ ಒಂದಕ್ಕೆ ಹುಟ್ಟಿನಿಂದಲೇ ಅದರಲ್ಲಿ ತೂತಿರುತ್ತದೆ. ಕರುಳು ಎದೆಗೇರಿ ಶ್ವಾಸಕೋಶವನ್ನು ಬೆಳೆಯಗೊಡುವುದಿಲ್ಲ. ಕೆಲವು ಶಿಶುಗಳಿಗೆ ಅನ್ನನಾಳವೇ ನಡುವೆ ತುಂಡಾಗಿರುತ್ತದೆ. ಎರಡಕ್ಕೂ ಆಪರೇಷನ್ನೇ ದಾರಿ. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಲ್ಲಿ ಅದಕ್ಕೆ ಪ್ರತ್ಯೇಕ ವಿಭಾಗವಿದೆ.

ಆಪರೇಷನ್ ಆಯಿತು, ಮಗು ಹಾಲು ಕುಡಿಯತೊಡಗಿತು ಎನ್ನುವಾಗ ಅಪರೂಪಕ್ಕೆ ಉಸಿರು ಏರುತ್ತದೆ. ಎದೆಗೆ ನಳಿಕೆ ಹಾಕಿದರೆ ಬಿಳಿ ನೀರು ಬರುತ್ತದೆ. "ಸರಿಯಾಗಿ ಕುಡಿಸಲಿಲ್ಲ, ಹಾಲು ಶ್ವಾಸಕೋಶಕ್ಕೆ ಹೋಯಿತು" ಎಂದು ಯಾರಾದರೂ ಅಂದುಬಿಟ್ಟರೆ ಆ ತಾಯಿಯ ಗತಿ ಏನು? ಅದು ಕುಡಿದ ಹಾಲಲ್ಲ. ಶ್ವಾಸಕೋಶದ ಒಳಗಲ್ಲ, ಅದರ ಸುತ್ತ ತುಂಬಿರುವ ದ್ರವ. ಕರುಳು ಹೀರಿದ ಕೊಬ್ಬನ್ನು ರಕ್ತಕ್ಕೆ ಮುಟ್ಟಿಸುವ ಸಪೂರ ನಾಳವೊಂದು ಬೆನ್ನುಮೂಳೆಯ ಮುಂದೆ ಎದೆಯೊಳಗೆ ಮೇಲೇರುತ್ತದೆ. ಅದಕ್ಕೆ ಪೆಟ್ಟು ಬಿದ್ದೋ ಒತ್ತಡ ಹೆಚ್ಚಿಯೋ ಸೋರುತ್ತದೆ. ಹಾಲು ಕುಡಿಯುವ ಮೊದಲು ಆ ದ್ರವ ತಿಳಿಹಳದಿ, ಕುಡಿದ ಮೇಲೆ ಬಿಳಿ. ನಮ್ಮ ಪಠ್ಯದ ದುಗ್ಧರಸ ಎಂಬ ಮಾತಿನಲ್ಲೇ ಹಾಲಿದೆ. ಉರ್ದುವಿನ ಕೈಲೂಸ್, ಇಂಗ್ಲಿಷಿನ ಕೈಲ್ ಎರಡೂ ಗ್ರೀಕ್ ಮೂಲದ ನೆಂಟರು. ಡಾಕ್ಟರುಗಳು ಈ ತೊಂದರೆಯನ್ನು ಕೈಲೋಥೊರಾಕ್ಸ್ ಎನ್ನುತ್ತಾರೆ.

ನೀರಿನ ಜೊತೆ ಪ್ರೋಟೀನು, ಬಿಳಿ ರಕ್ತಕಣಗಳು ಹೋಗಿ ಮಗು ಸೊರಗುತ್ತದೆ, ಸೋಂಕು ಬೇಗ ತಗಲುತ್ತದೆ. ಆದ್ದರಿಂದ ಸಾಮಾನ್ಯವಾಗಿ ಕೆಲವು ವಾರ ಎದೆಹಾಲು ನಿಲ್ಲಿಸಿ, ಆ ನಾಳ ಹಿಡಿಯದೆ ನೇರ ರಕ್ತ ಸೇರುವ ಕೊಬ್ಬಿನ ವಿಶೇಷ ಪುಡಿಹಾಲು ಕೊಡುತ್ತಾರೆ. ಬಹುಪಾಲು ಶಿಶುಗಳಲ್ಲಿ ಮತ್ತೊಂದು ಆಪರೇಷನ್ ಇಲ್ಲದೆ ಸೋರಿಕೆ ನಿಲ್ಲುತ್ತದೆ. ಆ ಕೊಬ್ಬನ್ನು ತೆಂಗಿನೆಣ್ಣೆಯಿಂದಲೂ ತೆಗೆಯುತ್ತಾರೆ. ಹಾಗೆಂದು ಮದ್ದೂರಿನ ತೆಂಗಿನೆಣ್ಣೆಯನ್ನು ಮಗುವಿನ ಬಾಯಿಗೆ ಬಿಡಲು ಹೊರಡಬೇಡಿ! ಘುಟ್ಟಿ, ಜೇನೂ ಬೇಡ.

ನಿಲ್ಲಿಸಿ ಎಂದರೆ ತಾಯಿಯ ಹಾಲು ಕೆಟ್ಟದ್ದೆಂದಲ್ಲ. ಸೋರಿಕೆ ನಿಂತ ಮೇಲೆ ಮತ್ತೆ ಅದೇ ಹಾಲು ಬೇಕು. ಅಲ್ಲಿಯವರೆಗೆ ದಿನಕ್ಕೆ ಎಂಟು ಸಲವಾದರೂ ಹಿಂಡಿ ತೆಗೆಯದಿದ್ದರೆ ಹಾಲು ಬತ್ತುತ್ತದೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತ ಆ ಹುಡುಗಿಗೆ ಹೊತ್ತಿಗೆ ಸರಿಯಾಗಿ ಊಟ ತಲುಪಿಸುವುದು ಅತ್ತೆಯ, ಗಂಡನ ಕೆಲಸ.

ಮನೆಗೆ ಬಂದ ಮೇಲೆ ಎರಡು ತಿಂಗಳೊಳಗಿನ ಮಗು ನಿಮಿಷಕ್ಕೆ 60 ಅಥವಾ ಹೆಚ್ಚು ಸಲ ಉಸಿರಾಡಿದರೆ, ಪಕ್ಕೆ ಒಳಗೆ ಸೇದಿದರೆ, ತುಟಿ ನೀಲಿಯಾದರೆ 108ಕ್ಕೆ ಫೋನು ಮಾಡಿ. ಆಪರೇಷನ್ನಿನ ಡಿಸ್ಚಾರ್ಜ್ ಚೀಟಿ ಕೈಯಲ್ಲಿರಲಿ.